ಓದುಗರ ಪ್ರಶ್ನೆ, ತಜ್ಞರ ಉತ್ತರ: ಮೂರೆಲೆಯ ಕ್ಲೋವರ್‌ಗೆ ಸಯನೈಡ್ ಬಂದದ್ದೆಲ್ಲಿಂದ?

ಹಸಿರೆಲೆ ಗೊಬ್ಬರದ ಗಿಡಗಳ ಕುರಿತ ಲೇಖನದಲ್ಲಿ, ಬಿಳಿ ಕ್ಲೋವರ್ ಎಂಬ ಮೇವಿನ ಗಿಡ ಸಯನೈಡ್ ಬಿಡುತ್ತದೆ ಎಂದು ಒಂದು ಸಾಲು ಬರೆದಿದ್ದೆವು. ಮಂಗಳೂರು, ಉಡುಪಿ ಸುತ್ತಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಸಾಲನ್ನೇ ಹಿಡಿದು ಕೇಳಿದವು. ಒಂದೇ ವಿಷಯದ ಪತ್ರಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಊಟಿಯ ಹುಲ್ಲುಹಾಸಿನಲ್ಲಿ ಕಂಡಂಥ ಮೂರೆಲೆಯ ಗಿಡ ನಮ್ಮ ಅಂಗಳದಲ್ಲೂ ಇದೆ. ಮಕ್ಕಳು ಎಲೆ ಕಿತ್ತು ಜಗಿಯುತ್ತಾರೆ. ಅದು ಕ್ಲೋವರ್ ಇರಬಹುದೇ?
– ಓದುಗರು, ಸುರತ್ಕಲ್

ಇರಲಾರದು. ಬಿಳಿ ಕ್ಲೋವರ್, ಅಂದರೆ ಟ್ರೈಫೋಲಿಯಂ ರೆಪೆನ್ಸ್, ತಂಪು ಹವೆಯ ಗಿಡ. ನೀಲಗಿರಿಯಲ್ಲಿ, ಹಿಮಾಲಯದ ಕಡೆ ಅದು ನೆಲೆಯೂರಿದೆ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 30 ದಾಟಿದರೆ ಸೊರಗುತ್ತದೆ. ಕರಾವಳಿಯ ಏಪ್ರಿಲ್ ಬಿಸಿಲನ್ನು ದಾಟಿ ಅಂಗಳದಲ್ಲಿ ಉಳಿಯುವುದು ಕಷ್ಟ.

ಮಕ್ಕಳು ಇಷ್ಟಪಟ್ಟು ಜಗಿಯುತ್ತಾರೆ ಎಂದರೆ ಅದು ಹುಳಿ ರುಚಿಯ ಪುಲ್ಲಂಪುರಚಿ ಸೊಪ್ಪು, ಆಕ್ಸಾಲಿಸ್. ಅದರ ಒಂದೊಂದು ಕಿರುಎಲೆಯೂ ಹೃದಯದ ಆಕಾರದ್ದು, ತುದಿಯಲ್ಲಿ ಕಚ್ಚು ಇರುತ್ತದೆ. ಹೂವು ಹಳದಿ, ಐದು ಎಸಳು. ಹುಳಿಗೆ ಕಾರಣ ಆಕ್ಸಾಲಿಕ್ ಆಮ್ಲ, ಸಯನೈಡ್ ಅಲ್ಲ. ನೆಲಕ್ಕಂಟಿ ಹಬ್ಬುವ ಇನ್ನೊಂದು ಮೂರೆಲೆ ಡೆಸ್ಮೋಡಿಯಂ ಟ್ರೈಫ್ಲೋರಮ್. ಎಲೆ ಬಹಳ ಚಿಕ್ಕದು, ಹೂವು ನೇರಳೆಗೆಂಪು, ಕಾಯಿ ಗಂಟುಗಂಟಾಗಿ ಇರುತ್ತದೆ. ಕ್ಲೋವರ್‌ನಲ್ಲಾದರೆ ಹತ್ತಾರು ಪುಟ್ಟ ಬಿಳಿ ಹೂಗಳು ಒಂದು ಗುಂಡು ಚೆಂಡಾಗಿ ಕೂಡಿರುತ್ತವೆ, ಕಿರುಎಲೆಗಳು ಮೊಟ್ಟೆಯಾಕಾರ, ಹಲವು ಗಿಡಗಳಲ್ಲಿ ಎಲೆಯ ನಡುವೆ ಬಿಳಿ ಪಟ್ಟೆ ಕಾಣುತ್ತದೆ. ಆ ಬಿಳಿ ಪಟ್ಟೆ ವಿಷದ ಗುರುತು ಎಂದು ಹೇಳುವವರಿದ್ದಾರೆ. ಹಾಗೇನಿಲ್ಲ. ಪಟ್ಟೆಯನ್ನು ನಿರ್ಧರಿಸುವ ಜೀನೇ ಬೇರೆ. ಪಟ್ಟೆ ಇರುವ ಗಿಡ ಸಯನೈಡ್ ಬಿಡದೇ ಇರಬಹುದು, ಪಟ್ಟೆ ಇಲ್ಲದ್ದು ಬಿಡಬಹುದು. ಕಣ್ಣಿನಿಂದ ನೋಡಿ ಹೇಳುವ ವಿಷಯವೇ ಇದಲ್ಲ.

ಎಲೆಯೊಳಗೇ ಸಯನೈಡ್ ಇದ್ದರೆ ಗಿಡ ಸಾಯುವುದಿಲ್ಲವೇಕೆ?
– ಓದುಗರು, ಮಲ್ಪೆ

ಎಲೆಯೊಳಗೆ ಸಯನೈಡ್ ಸಿದ್ಧವಾಗಿ ಇರುವುದಿಲ್ಲ. ಅದರ ಎರಡು ಭಾಗಗಳು ಬೇರೆ ಬೇರೆ ಕಡೆ ಇರುತ್ತವೆ. ಎರಡು ಟ್ಯೂಬುಗಳಲ್ಲಿ ಬರುವ ಗಟ್ಟಿ ಅಂಟು ಬೆರೆಸಿದಾಗ ಮಾತ್ರ ಹಿಡಿಯುವ ಹಾಗೆ.

ಮೊದಲ ಭಾಗ ಸಕ್ಕರೆಗೆ ಜೋಡಿಸಿದ ಸಯನೈಡ್ ಮೂಲ. ಕ್ಲೋವರ್‌ನಲ್ಲಿ ಇಂಥವು ಎರಡು: ಲಿನಮಾರಿನ್ ಮತ್ತು ಲೋಟಾಸ್ಟ್ರಾಲಿನ್. ಲಿನಮಾರಿನ್ ತಯಾರಾಗುವುದು ವ್ಯಾಲೀನ್ ಎಂಬ ಅಮೈನೋ ಆಮ್ಲದಿಂದ, ಲೋಟಾಸ್ಟ್ರಾಲಿನ್ ಐಸೋಲ್ಯೂಸೀನ್‌ನಿಂದ. ಎರಡೂ ಜೀವಕೋಶದೊಳಗಿನ ರಸದಾನಿಯಲ್ಲಿ ತುಂಬಿರುತ್ತವೆ. ಎರಡನೆಯ ಭಾಗ ಲಿನಮರೇಸ್ ಎಂಬ ಕಿಣ್ವ. ಅದು ಇರುವುದು ಕೋಶಭಿತ್ತಿಯಲ್ಲಿ. ಎಲೆ ಸರಿಯಾಗಿರುವವರೆಗೆ ಎರಡೂ ಭೇಟಿಯಾಗುವುದಿಲ್ಲ. ಹುಳು ಕಡಿದಾಗ, ದನ ಜಗಿದಾಗ, ಹಿಮಗಟ್ಟಿ ಕೋಶ ಒಡೆದಾಗ ರಸ ಸೋರಿ ಕಿಣ್ವಕ್ಕೆ ಸಿಗುತ್ತದೆ. ಕಿಣ್ವ ಸಕ್ಕರೆಯನ್ನು ಕಳಚುತ್ತದೆ, ಉಳಿದ ಅಣು ಮುರಿದು ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಜೊತೆಗೆ ಲಿನಮಾರಿನ್‌ನಿಂದ ಅಸಿಟೋನ್, ಲೋಟಾಸ್ಟ್ರಾಲಿನ್‌ನಿಂದ ಬ್ಯೂಟನೋನ್ ಬಿಡುಗಡೆಯಾಗುತ್ತದೆ. ಹೈಡ್ರೋಜನ್ ಸಯನೈಡ್ 26 ಡಿಗ್ರಿಗೇ ಕುದಿಯುವ ವಸ್ತು. ನಮ್ಮೂರಿನ ಸೆಕೆಯಲ್ಲಿ ಅದು ಬೇಗ ಗಾಳಿಗೆ ಸೇರುತ್ತದೆ. ಕೆಳಗೆ ಮರಗೆಣಸಿನ ವಿಷಯ ಬಂದಾಗ ಇದು ನೆನಪಿರಲಿ.

ಗಿಡದೊಳಗೇ ಅಷ್ಟಿಷ್ಟು ಸಯನೈಡ್ ಹುಟ್ಟಿದರೆ ಅದನ್ನು ಅಸ್ಪರಾಜೀನ್ ಎಂಬ ನಿರಪಾಯಕಾರಿ ಅಮೈನೋ ಆಮ್ಲವಾಗಿ ಮಾರ್ಪಡಿಸುವ ಕಿಣ್ವಗಳೂ ಗಿಡಗಳಲ್ಲಿವೆ. ಸಾರಜನಕ ವ್ಯರ್ಥವಾಗುವುದಿಲ್ಲ.

ದ್ವಿತೀಯ ಪಿಯುಸಿ ಪಾಠದಲ್ಲಿ 9:3:3:1 ಅನುಪಾತ ಇದೆ. ಕ್ಲೋವರ್‌ನ ಸಯನೈಡ್‌ಗೆ ಉಪನ್ಯಾಸಕರು 9:7 ಎಂದರು. ಯಾವುದು ಸರಿ?
– ವಿದ್ಯಾರ್ಥಿನಿ, ಮೂಡುಬಿದಿರೆ

ಎರಡೂ ಸರಿ. ನೀವು ಏನನ್ನು ಅಳೆಯುತ್ತೀರಿ ಎಂಬುದರ ಮೇಲೆ ಅನುಪಾತ ನಿಂತಿದೆ.

ವಿಷಕ್ಕೆ ಎರಡು ಭಾಗಗಳಿದ್ದಂತೆ ಅದನ್ನು ನಿಯಂತ್ರಿಸುವ ಜೀನ್‌ ತಾಣಗಳೂ ಎರಡು. ಸಕ್ಕರೆ ಜೋಡಿಸಿದ ಸಯನೈಡ್ ಮೂಲ ಇದೆಯೋ ಇಲ್ಲವೋ ಎಂಬುದನ್ನು 'ಎಸಿ' ತಾಣ ನಿರ್ಧರಿಸುತ್ತದೆ, ಕಿಣ್ವ ಇದೆಯೋ ಇಲ್ಲವೋ ಎಂಬುದನ್ನು 'ಲಿ' ತಾಣ. ಎರಡರಲ್ಲೂ 'ಇದೆ' ಎಂಬ ರೂಪ ಪ್ರಬಲ, 'ಇಲ್ಲ' ಎಂಬುದು ದುರ್ಬಲ. ಎರಡೂ ತಾಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಸ್ವತಂತ್ರವಾಗಿ ಮುಂದಿನ ಪೀಳಿಗೆಗೆ ಹೋಗುತ್ತವೆ. ನ್ಯೂಜಿಲೆಂಡಿನ ಕಾರ್ಕಿಲ್ 1942ರಲ್ಲಿ, ಅಮೆರಿಕದ ಅಟ್‌ವುಡ್ ಮತ್ತು ಸಲಿವನ್ 1943ರಲ್ಲಿ ಈ ಆನುವಂಶಿಕತೆಯ ಕುರಿತು ಪ್ರಕಟಿಸಿದರು.

ಎರಡೂ ತಾಣಗಳಲ್ಲಿ ಮಿಶ್ರ ಜೋಡಿ (ಒಂದು 'ಇದೆ', ಒಂದು 'ಇಲ್ಲ' ರೂಪ) ಇರುವ ಎರಡು ಗಿಡಗಳನ್ನು ಅಡ್ಡಹಾಯಿಸಿ. 16 ಪಾಲಿನಲ್ಲಿ 9 ಪಾಲು ಗಿಡಗಳಿಗೆ ಎರಡೂ ಭಾಗ ಇರುತ್ತದೆ, 3 ಪಾಲಿಗೆ ಮೂಲ ಮಾತ್ರ, 3 ಪಾಲಿಗೆ ಕಿಣ್ವ ಮಾತ್ರ, 1 ಪಾಲಿಗೆ ಎರಡೂ ಇಲ್ಲ. ಎಲೆಯನ್ನು ಜಜ್ಜಿ ಸಯನೈಡ್ ಬಂತೇ ಎಂದಷ್ಟೇ ನೋಡಿದರೆ ಕೊನೆಯ ಮೂರು ಗುಂಪುಗಳೂ 'ಇಲ್ಲ' ಎಂದೇ ಕಾಣುತ್ತವೆ. 3, 3, 1 ಸೇರಿ 7. ಹೀಗೆ 9:7. ಅದನ್ನು ಮತ್ತೆ 9:3:3:1 ಆಗಿ ಬಿಡಿಸಬೇಕಾದರೆ 'ಇಲ್ಲ' ಎಂದ ಎಲೆಯ ರಸಕ್ಕೆ ಒಮ್ಮೆ ಹೊರಗಿನಿಂದ ಲಿನಮಾರಿನ್ ಹಾಕಿ, ಇನ್ನೊಮ್ಮೆ ಹೊರಗಿನಿಂದ ಲಿನಮರೇಸ್ ಹಾಕಿ ನೋಡಬೇಕು. ಲಿನಮಾರಿನ್ ಹಾಕಿದಾಗ ಸಯನೈಡ್ ಬಂದರೆ ಗಿಡದಲ್ಲಿ ಕಿಣ್ವ ಇತ್ತು. ಕಿಣ್ವ ಹಾಕಿದಾಗ ಬಂದರೆ ಮೂಲ ಇತ್ತು. ಇನ್ನೂ ಸೊಗಸಾದ ದಾರಿಯೆಂದರೆ, ಮೂಲ ಮಾತ್ರ ಇರುವ ಗಿಡದ ರಸವನ್ನು ಕಿಣ್ವ ಮಾತ್ರ ಇರುವ ಗಿಡದ ರಸದೊಂದಿಗೆ ಒಂದೇ ನಳಿಕೆಯಲ್ಲಿ ಬೆರೆಸುವುದು. ಬೇರೆ ಬೇರೆಯಾಗಿ ಏನೂ ಕೊಡದ ಎರಡು ಎಲೆಗಳು ಕೂಡಿದಾಗ ಸಯನೈಡ್ ಕೊಡುತ್ತವೆ. ಜೀನ್‌ಗಳ ಪೂರಕ ಕ್ರಿಯೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗ ಪಠ್ಯದಲ್ಲಿ ಇಲ್ಲ ಎಂದೇ ನಮ್ಮ ಅಭಿಪ್ರಾಯ.

ಎರಡು ಎಚ್ಚರಿಕೆ. ಬಿಳಿ ಕ್ಲೋವರ್‌ಗೆ ಸ್ವಪರಾಗ ಆಗದು, ಆದ್ದರಿಂದ ಬಟಾಣಿಯಂತೆ ಒಂದೇ ಗಿಡವನ್ನು ತನ್ನೊಳಗೇ ಫಲಗೊಳಿಸಿ ಎರಡನೆಯ ಪೀಳಿಗೆ ಪಡೆಯಲಾಗುವುದಿಲ್ಲ. ಎರಡು ಗಿಡ ಬೇಕೇ ಬೇಕು. ಇನ್ನು 'ಪ್ರಬಲ' ಎಂಬ ಮಾತು ಇದೆ-ಇಲ್ಲ ಎಂಬಷ್ಟಕ್ಕೆ ಸರಿ. ಪ್ರಮಾಣ ಅಳೆದರೆ ಮಿಶ್ರ ಜೋಡಿಯ ಗಿಡದಲ್ಲಿ ಶುದ್ಧ ಜೋಡಿಯದಕ್ಕಿಂತ ಕಡಿಮೆ ಸಿಗುತ್ತದೆ.

ಪರೀಕ್ಷೆಗೆ ಅನುಕೂಲವಾಗುವ ಒಂದು ಲೆಕ್ಕ. ಒಂದು ಹುಲ್ಲುಗಾವಲಿನ 100 ಗಿಡಗಳಲ್ಲಿ 36ಕ್ಕೆ ಮೂಲ ಇಲ್ಲ, 25ಕ್ಕೆ ಕಿಣ್ವ ಇಲ್ಲ ಎಂದುಕೊಳ್ಳಿ. ಎಸಿ ತಾಣದ ದುರ್ಬಲ ರೂಪದ ಆವರ್ತನ 0.36ರ ವರ್ಗಮೂಲ, ಅಂದರೆ 0.6. ಲಿ ತಾಣದ್ದು 0.5. ಮೂಲ ಇರುವವು 0.64, ಕಿಣ್ವ ಇರುವವು 0.75. ಎರಡೂ ಭಾಗ ಇರುವ ಗಿಡಗಳು 0.64 ಗುಣಿಸು 0.75, ಅಂದರೆ 0.48, ನೂರರಲ್ಲಿ 48. ಮೂಲ ಮಾತ್ರ 16, ಕಿಣ್ವ ಮಾತ್ರ 27, ಎರಡೂ ಇಲ್ಲದವು 9. ನಿಜವಾದ ಹುಲ್ಲುಗಾವಲಿನಲ್ಲಿ ಎಣಿಕೆ ಈ ಲೆಕ್ಕದಿಂದ ದೂರ ಸರಿದಿದ್ದರೆ ಗಾಬರಿ ಬೇಡ. ಆಯ್ಕೆಯ ಒತ್ತಡ ಎರಡು ತಾಣಗಳನ್ನೂ ಒಟ್ಟಿಗೆ ಎಳೆಯುವ ಕಡೆ ಹಾಗಾಗುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ತೋರಿಸಲು ಸಾಧ್ಯವೇ? ಕ್ಲೋವರ್ ಇಲ್ಲಿ ಸಿಗುವುದಿಲ್ಲವಲ್ಲ.
– ಉಪನ್ಯಾಸಕರು, ಉಡುಪಿ

ಸಾಧ್ಯ. ಕ್ಲೋವರ್‌ನ ಬದಲು ಮರಗೆಣಸಿನ ಎಳೆ ಎಲೆ ತೆಗೆದುಕೊಳ್ಳಿ. ಅದರಲ್ಲೂ ಅದೇ ಲಿನಮಾರಿನ್, ಅದೇ ಕೆಲಸದ ಲಿನಮರೇಸ್ ಇದೆ. ಪತ್ತೆಗೆ ಸೋಡಿಯಂ ಪಿಕ್ರೇಟ್ ಕಾಗದ ಸಾಕು. ಸಯನೈಡ್ ತಾಗಿದರೆ ಹಳದಿ ಕಾಗದ ಕಿತ್ತಳೆಯಾಗಿ, ಆಮೇಲೆ ಇಟ್ಟಿಗೆ ಕೆಂಪಾಗುತ್ತದೆ.

ಕಾಗದದ ತಯಾರಿ ಹೀಗೆ: 100 ಮಿಲಿಲೀಟರ್ ನೀರಿನಲ್ಲಿ 2.5 ಗ್ರಾಂ ಸೋಡಿಯಂ ಕಾರ್ಬೊನೇಟ್ ಕರಗಿಸಿ, ಅದಕ್ಕೆ 1.4 ಗ್ರಾಂ ತೇವವಿರುವ ಪಿಕ್ರಿಕ್ ಆಮ್ಲ ಸೇರಿಸಿ. ಫಿಲ್ಟರ್ ಕಾಗದವನ್ನು ಅದರಲ್ಲಿ ಅದ್ದಿ ನೆರಳಲ್ಲಿ ಆರಿಸಿ, 3 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ. ಒಣಗಿದ ಪಿಕ್ರಿಕ್ ಆಮ್ಲ ಸ್ಫೋಟಕ. ಬಾಟಲಿಯ ಬಾಯಲ್ಲಿ ಒಣ ಹರಳು ಕಟ್ಟಿದ್ದರೆ ಮುಚ್ಚಳ ತಿರುಗಿಸಲೇಬೇಡಿ. ಲೋಹದ ಚಮಚ, ಲೋಹದ ಮುಚ್ಚಳ ಬಳಸಬೇಡಿ, ಏಕೆಂದರೆ ಪಿಕ್ರಿಕ್ ಆಮ್ಲ ಲೋಹದೊಡನೆ ಸೇರಿ ಇನ್ನೂ ಸೂಕ್ಷ್ಮವಾದ ಲವಣ ಆಗುತ್ತದೆ. ಈ ಹಂತವನ್ನು ಅಧ್ಯಾಪಕರೇ ಮಾಡಬೇಕು, ವಿದ್ಯಾರ್ಥಿಗಳಿಗೆ ಸಿದ್ಧ ಕಾಗದ ಮಾತ್ರ ಕೊಡಬೇಕು.

ಬಿಗಿಯಾದ ತಿರುಪು ಮುಚ್ಚಳದ ನಾಲ್ಕು ಪ್ಲಾಸ್ಟಿಕ್ ಶೀಶೆ ತೆಗೆದುಕೊಳ್ಳಿ. ಒಂದನೆಯದಕ್ಕೆ 100 ಮಿಲಿಗ್ರಾಂ ಹಸಿ ಎಲೆಯನ್ನು ಅರೆದು, ಅರ್ಧ ಮಿಲಿಲೀಟರ್ ನೀರಿನೊಂದಿಗೆ ಹಾಕಿ. ಎರಡನೆಯದಕ್ಕೆ ಅಷ್ಟೇ ಎಲೆಯನ್ನು ಮೂರು ನಿಮಿಷ ಹಬೆಯಲ್ಲಿ ಬೇಯಿಸಿ, ತಣಿಸಿ, ಅರೆದು ಹಾಕಿ. ಹಬೆ ಕಿಣ್ವವನ್ನು ಕೊಲ್ಲುತ್ತದೆ, ಲಿನಮಾರಿನ್ ಉಳಿಯುತ್ತದೆ. ನೀರಿನಲ್ಲಿ ಕುದಿಸಬೇಡಿ, ಲಿನಮಾರಿನ್ ನೀರಿಗೆ ಇಳಿದುಹೋಗುತ್ತದೆ. ಮೂರನೆಯದಕ್ಕೆ ಬೇಯಿಸಿದ ಎಲೆಯ ಜೊತೆ ಹಸಿ ಎಲೆಯ ರಸ ಒಂದೇ ಹನಿ. ನಾಲ್ಕನೆಯದಕ್ಕೆ ಆ ಒಂದು ಹನಿ ಮಾತ್ರ. ಎಲ್ಲದಕ್ಕೂ ಕಾಗದವನ್ನು ಎಲೆಗೆ ತಾಗದಂತೆ ಮುಚ್ಚಳದಿಂದ ಇಳಿಬಿಟ್ಟು ಮುಚ್ಚಿ, 30 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಡಿ. ಒಂದನೆಯದು ಕೆಂಪಾಗಬೇಕು. ಎರಡನೆಯದು ಹಳದಿಯಾಗಿಯೇ ಇರಬೇಕು. ಮೂರನೆಯದರ ಬಣ್ಣ ನಾಲ್ಕನೆಯದಕ್ಕಿಂತ ಎದ್ದು ಕಾಣುವಷ್ಟು ಗಾಢವಾಗಿರಬೇಕು. ಮೂರನ್ನೂ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಪ್ರಯೋಗದ ಜೀವಾಳ. ಎರಡು ಭಾಗಗಳ ತತ್ವ ಅಲ್ಲಿ ಕಣ್ಣಿಗೆ ಬೀಳುತ್ತದೆ. ಶೀಶೆಗಳನ್ನು ಕಿಟಕಿ ತೆರೆದ ಕೋಣೆಯಲ್ಲಿ ಬಿಚ್ಚಿ, ಮೂಸಬೇಡಿ.

ಪ್ರಮಾಣ ಬೇಕೆಂದರೆ ಕಾಗದವನ್ನು 5 ಮಿಲಿಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ದ್ರಾವಣವನ್ನು 510 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಎಲೆ ಇಲ್ಲದ ಶೀಶೆಯ ಕಾಗದದಿಂದ ಬಂದ ಅಳತೆಯನ್ನು ಕಳೆಯಿರಿ. ಉಳಿದದ್ದನ್ನು 396ರಿಂದ ಗುಣಿಸಿದರೆ, 100 ಮಿಲಿಗ್ರಾಂ ಮಾದರಿಗೆ, ಒಂದು ಕಿಲೋಗೆ ಎಷ್ಟು ಮಿಲಿಗ್ರಾಂ ಎಂಬುದು ಸಿಗುತ್ತದೆ. ಮರಗೆಣಸಿನ ಹಿಟ್ಟಿನ ತಪಾಸಣೆಗೆ ಆಸ್ಟ್ರೇಲಿಯಾದ ಹೊವಾರ್ಡ್ ಬ್ರಾಡ್‌ಬರಿ ಅವರ ತಂಡ ರೂಪಿಸಿದ ಕ್ರಮ ಇದು.

ಕೈಕೊಡುವುದು ಎಲ್ಲಿ? ಬಲಿತ ಎಲೆ ತೆಗೆದುಕೊಂಡರೆ ಬಣ್ಣ ಪೇಲವ. ಮುಚ್ಚಳ ಸಡಿಲವಿದ್ದರೆ ಅನಿಲ ಹೊರಗೆ. ಬಿಸಿ ಒಲೆಯಲ್ಲಿ ಒಣಗಿಸಿದ ಎಲೆಯಲ್ಲಿ ಕಿಣ್ವ ಸತ್ತಿರುತ್ತದೆ, 'ಸಯನೈಡ್ ಇಲ್ಲ' ಎಂಬ ತಪ್ಪು ತೀರ್ಮಾನ ಬರುತ್ತದೆ. ತದ್ವಿರುದ್ಧವಾಗಿ ಎರಡು ಮೂರು ದಿನ ಬಿಟ್ಟರೆ ಸೂಕ್ಷ್ಮಜೀವಿಗಳು ಕಿಣ್ವದ ಕೆಲಸ ಮಾಡಿ, ಕಿಣ್ವ ಇಲ್ಲದ ಮಾದರಿಯೂ ಬಣ್ಣ ಕೊಡಬಹುದು. ಕ್ಲೋವರ್ ಸಂಶೋಧಕರು ಬಳಸುವುದು ಫೈಗಲ್-ಆಂಗರ್ ಕಾಗದ. ಎಲೆಯನ್ನು 96 ಗುಳಿಗಳ ತಟ್ಟೆಯಲ್ಲಿ ಹಿಮಗಟ್ಟಿಸಿ, ನೀರು ಹಾಕಿ ಜಜ್ಜಿ, ಮೇಲೆ ಕಾಗದ ಹೊದಿಸಿ 37 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟರೆ ಸಯನೈಡ್ ಇರುವ ಗುಳಿಯ ಮೇಲೆ ನೀಲಿ ಚುಕ್ಕೆ ಮೂಡುತ್ತದೆ. ನೂರಾರು ಗಿಡಗಳಿದ್ದಾಗ ಅದೇ ಸರಿ.

ಈ ಗುಣ ವಿಕಾಸದಲ್ಲಿ ಎಲ್ಲಿಂದ ಬಂತು? ಕ್ಲೋವರ್‌ಗೂ ಮರಗೆಣಸಿಗೂ ಒಂದೇ ವಿಷ ಇದೆ ಎಂದರೆ ಅವು ನೆಂಟರೇ?
– ಜೀವಶಾಸ್ತ್ರ ಸ್ನಾತಕೋತ್ತರ ವಿದ್ಯಾರ್ಥಿ, ಮಂಗಳೂರು

ನೆಂಟಸ್ತಿಕೆ ದೂರದ್ದು. ಒಂದು ದ್ವಿದಳ ಧಾನ್ಯಗಳ ಕುಟುಂಬದ್ದು, ಇನ್ನೊಂದು ಹರಳು (ಔಡಲ), ರಬ್ಬರ್‌ಗಳ ಕುಟುಂಬದ್ದು. ಅಣು ಒಂದೇ ಆದರೂ ಅದನ್ನು ಕಟ್ಟುವ ದಾರಿ ಬೇರೆ. ಮೊದಲ ಹೆಜ್ಜೆಗೆ ಎರಡೂ ಸಿವೈಪಿ79 ಎಂಬ ಜೀನ್ ಕುಟುಂಬವನ್ನೇ ಬಳಸುತ್ತವೆ. ಎರಡನೆಯ ಹೆಜ್ಜೆಯಲ್ಲಿ ಮರಗೆಣಸು ಸಿವೈಪಿ71 ಕುಟುಂಬದ ಜೀನ್ ಹಿಡಿದಿದ್ದರೆ, ಕ್ಲೋವರ್ ಮತ್ತು ಅದರ ಸಂಬಂಧಿ ಲೋಟಸ್ ಜಪೋನಿಕಸ್ (ತಾವರೆಯಲ್ಲ, ಅದೇ ದ್ವಿದಳ ಕುಟುಂಬದ ಗಿಡ) ಸಿವೈಪಿ736 ಕುಟುಂಬದ್ದನ್ನು ಹಿಡಿದಿವೆ. ಅಂದರೆ ಪೂರ್ಣ ದಾರಿ ಒಬ್ಬ ಪೂರ್ವಜನಿಂದ ಇಬ್ಬರಿಗೂ ಬಂದದ್ದಲ್ಲ, ಬೇರೆ ಬೇರೆಯಾಗಿ ಕೂಡಿಬಂದದ್ದು. ಇನ್ನೂ ಬೆರಗಿನ ಸಂಗತಿ: ಯುರೋಪಿನ ಆರುಚುಕ್ಕೆಯ ಬರ್ನೆಟ್ ಪತಂಗವೂ ಇದೇ ಲಿನಮಾರಿನ್ ಮತ್ತು ಲೋಟಾಸ್ಟ್ರಾಲಿನ್ ಅನ್ನು ತಾನೇ ತಯಾರಿಸುತ್ತದೆ, ತನ್ನದೇ ಮೂರು ಜೀನ್‌ಗಳಿಂದ. ಅದರ ಮರಿಹುಳು ತಿನ್ನುವ ಗಿಡದಿಂದಲೂ ಈ ವಿಷವನ್ನು ಕೂಡಿಡುತ್ತದೆ.

ಬಿಳಿ ಕ್ಲೋವರ್ ಹುಟ್ಟಿದ್ದು ಎರಡು ಜಾತಿಗಳ ಮಿಶ್ರಣದಿಂದ. ಒಂದು ಟ್ರೈಫೋಲಿಯಂ ಆಕ್ಸಿಡೆಂಟೇಲ್, ಪಶ್ಚಿಮ ಯುರೋಪಿನ ಕಡಲಂಚಿನ ಗಿಡ. ಇನ್ನೊಂದು ಟ್ರೈಫೋಲಿಯಂ ಪ್ಯಾಲೆಸೆನ್ಸ್, ಎತ್ತರದ ಪರ್ವತಗಳದ್ದು. ಕಡಲಂಚಿನದೂ ಬೆಟ್ಟದ್ದೂ ಈಗ ಜೊತೆಯಾಗಿ ಬೆಳೆಯುವುದಿಲ್ಲ. ಕಳೆದ ಹಿಮಯುಗದಲ್ಲಿ ಬೆಟ್ಟದ ಗಿಡ ಕೆಳಗಿಳಿದಾಗ ಅವು ಸಂಧಿಸಿರಬೇಕು. 2019ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಆ ಘಟನೆಯನ್ನು ಸುಮಾರು 15,000ದಿಂದ 28,000 ವರ್ಷಗಳ ಹಿಂದಕ್ಕೆ ಇಟ್ಟಿದೆ. ಪೋಷಕ ಜಾತಿಗಳಿಗೆ 16 ವರ್ಣತಂತುಗಳು, ಬಿಳಿ ಕ್ಲೋವರ್‌ಗೆ 32. ಹೀಗೆ ದುಪ್ಪಟ್ಟಾಗಿದ್ದರೂ ಪ್ರತಿ ವರ್ಣತಂತು ತನ್ನ ಮೂಲ ಜಾತಿಯ ಜೊತೆಗಾರನೊಂದಿಗೇ ಜೋಡಿಯಾಗುವುದರಿಂದ, ಮೇಲಿನ ವಿದ್ಯಾರ್ಥಿನಿಯ ಮೆಂಡಲ್ ಲೆಕ್ಕ ಕೆಡುವುದಿಲ್ಲ.

ಈಗ ಮುಖ್ಯ ಪ್ರಶ್ನೆ: 'ಇಲ್ಲ' ಎಂಬ ರೂಪ ಎಂದರೆ ಏನು? ಜೀನ್‌ನಲ್ಲಿ ಒಂದಕ್ಷರದ ತಪ್ಪಾಗಿರಬಹುದು ಎಂದು ಊಹಿಸುವುದು ಸಹಜ. ಆದರೆ ಅಮೆರಿಕದ ಜೀವವಿಜ್ಞಾನಿ ಕೆನೆತ್ ಓಲ್ಸೆನ್ ಅವರ ತಂಡ 2007 ಮತ್ತು 2008ರಲ್ಲಿ ತೋರಿಸಿದ್ದು ಬೇರೆ. ಮೂಲ ಇಲ್ಲದ ಗಿಡದಲ್ಲಿ ಅದರ ತಯಾರಿಕೆಯ ಮೊದಲ ಹೆಜ್ಜೆಗೆ ಬೇಕಾದ ಸಿವೈಪಿ79ಡಿ15 ಜೀನೇ ಇಲ್ಲ. ಕಿಣ್ವ ಇಲ್ಲದ ಗಿಡದಲ್ಲಿ ಲಿನಮರೇಸ್ ಜೀನೇ ಇಲ್ಲ. ಆ ತುಂಡು ವರ್ಣತಂತುವಿನಿಂದ ಕಳಚಿಹೋಗಿದೆ. ಕಳಚಿದ ತುಂಡಿನ ಗಡಿಗಳು ಎಲ್ಲ ಗಿಡಗಳಲ್ಲೂ ಒಂದೇ ಅಲ್ಲ, ಆದ್ದರಿಂದ ಈ ನಷ್ಟ ಒಮ್ಮೆ ಆಗಿ ಹರಡಿದ್ದಲ್ಲ, ಹಲವು ಸಲ ಆದದ್ದು.

ಅದೇ ತಂಡ 2014ರಲ್ಲಿ ಬಿಳಿ ಕ್ಲೋವರ್‌ನ ಹತ್ತಿರದ ಬಳಗವನ್ನು ಪರೀಕ್ಷಿಸಿತು. ಆ ಗುಂಪಿನ 14 ಜಾತಿಗಳಲ್ಲಿ 13ನ್ನೂ ಹೊರಗಿನ ಕೆಲವನ್ನೂ ಸೇರಿಸಿ 139 ಗಿಡಗಳು. ಏಳು ಜಾತಿಗಳಲ್ಲಿ ಒಂದಾದರೂ ಭಾಗ ಸಿಕ್ಕಿತು, ಏಳೂ ಅದೇ ಗುಂಪಿನೊಳಗಿನವು. ಆರರಲ್ಲಿ ಕೆಲವು ಗಿಡಕ್ಕೆ ಇದೆ, ಕೆಲವಕ್ಕೆ ಇಲ್ಲ ಎಂಬ ಸ್ಥಿತಿ. ಪ್ರತಿ ಸಲವೂ 'ಇಲ್ಲ' ಎಂಬುದಕ್ಕೆ ಕಾರಣ ಜೀನ್ ಕಳಚಿಹೋಗಿದ್ದು, ಅದೂ ಜಾತಿಜಾತಿಯಲ್ಲಿ ಪ್ರತ್ಯೇಕವಾಗಿ. ವಿಕಾಸ ಎಂದರೆ ಹೊಸದು ಸೇರುವುದು ಎಂದೇ ಓದುತ್ತೇವೆ. ಇಲ್ಲಿ ಕಳೆದುಕೊಳ್ಳುವುದೇ ಮತ್ತೆ ಮತ್ತೆ ಲಾಭವಾಗಿ ಒದಗಿದೆ. ಎಂಎಸ್ಸಿ ತರಗತಿಗಳಲ್ಲಿ ಈ ಉದಾಹರಣೆಗೆ ಇನ್ನಷ್ಟು ಜಾಗ ಸಿಗಬೇಕು.

ರಕ್ಷಣೆ ಕೊಡುವ ವಿಷವನ್ನು ಬಿಟ್ಟುಕೊಟ್ಟರೆ ಗಿಡಕ್ಕೆ ಏನು ಲಾಭ?
– ಓದುಗರು, ಕುಂದಾಪುರ

1954ರಲ್ಲಿ ಡಾಡೇ ಎಂಬ ಸಂಶೋಧಕ ಯುರೋಪಿನಾದ್ಯಂತ ಲೆಕ್ಕ ಮಾಡಿ ತೋರಿಸಿದ್ದು ಇದು: ಮೆಡಿಟರೇನಿಯನ್ ಕಡೆ ಸಯನೈಡ್ ಬಿಡುವ ಗಿಡಗಳೇ ಹೆಚ್ಚು, ಉತ್ತರಕ್ಕೂ ಪೂರ್ವಕ್ಕೂ ಹೋದಂತೆ, ಜನವರಿಯ ಚಳಿ ಹೆಚ್ಚಿದಂತೆ, ಕಡಿಮೆ. ಆಲ್ಪ್ಸ್ ಬೆಟ್ಟ ಏರಿದರೂ ಇದೇ ಕತೆ. ಬೆಚ್ಚಗಿನ ಕಡೆ ಬಸವನಹುಳು, ಕೀಟಗಳ ಕಾಟ ವರ್ಷದ ಹೆಚ್ಚು ಕಾಲ ಇರುವುದರಿಂದ ವಿಷಕ್ಕೆ ಬೆಲೆ ಇದೆ. ಚಿಪ್ಪಿಲ್ಲದ ಬಸವನಹುಳುಗಳು ವಿಷವಿಲ್ಲದ ಎಲೆಯನ್ನೇ ಆರಿಸಿ ತಿನ್ನುವುದು ಪ್ರಯೋಗಗಳಲ್ಲಿ ಕಂಡಿದೆ. ಚಳಿಯ ಕಡೆ ಕಾಟ ಕಡಿಮೆ, ತಯಾರಿಕೆಯ ವೆಚ್ಚ ಮಾತ್ರ ಉಳಿಯುತ್ತದೆ. ಹಿಮಗಟ್ಟಿ ಕೋಶ ಒಡೆದರೆ ಗಿಡ ತನಗೆ ತಾನೇ ವಿಷವುಣಿಸಿಕೊಳ್ಳುತ್ತದೆ ಎಂಬ ವಿವರಣೆಯೂ ಇದೆ. ಅದು ಕೇಳಲು ಚೆಂದ, ಆದರೆ ಅದೊಂದನ್ನೇ ನೆಚ್ಚಬಾರದು. ಒಣ ಪ್ರದೇಶಗಳಲ್ಲಿ ಕಿಣ್ವವಿಲ್ಲದೆ ಮೂಲ ಮಾತ್ರ ಇರುವ ಗಿಡಗಳು ಹೆಚ್ಚಿರುವುದು ಕಂಡುಬಂದಿದೆ. ಸಾರಜನಕ ಕೂಡಿಡುವಂಥ ಬೇರೆ ಉಪಯೋಗವೂ ಈ ಅಣುವಿಗೆ ಇರಬೇಕು ಎಂಬ ವಾದಕ್ಕೆ ಅದು ಬಲ ಕೊಡುತ್ತದೆ.

ನಗರಗಳೂ ಈ ಲೆಕ್ಕವನ್ನು ಬದಲಿಸುತ್ತಿವೆ. 2022ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನ 26 ದೇಶಗಳ 160 ನಗರಗಳಿಂದ 1,10,019 ಕ್ಲೋವರ್ ಗಿಡಗಳನ್ನು ಪರೀಕ್ಷಿಸಿತು. ಸರಾಸರಿ ನೋಡಿದರೆ ನಗರದ ನಡುವಿನಿಂದ ಹಳ್ಳಿಯತ್ತ ಹೋದಂತೆ ಸಯನೈಡ್ ಬಿಡುವ ಗಿಡಗಳ ಪಾಲು ಏರುತ್ತದೆ. ಎಲ್ಲ ನಗರಗಳಲ್ಲೂ ಹಾಗಿಲ್ಲ. ಅದಕ್ಕೂ ಮೊದಲು ಟೊರಾಂಟೊ, ನ್ಯೂಯಾರ್ಕ್, ಬೋಸ್ಟನ್‌ಗಳಲ್ಲಿ ನಡೆದ ಅಧ್ಯಯನ ನಗರದಲ್ಲಿ ಹಿಮದ ಹೊದಿಕೆ ತೆಳುವಾಗುವುದನ್ನು ಕಾರಣವಾಗಿ ಎತ್ತಿಹೇಳಿತ್ತು. ಹೊದಿಕೆ ಇಲ್ಲದ ನೆಲ ಚಳಿಗಾಲದ ರಾತ್ರಿ ಇನ್ನಷ್ಟು ತಣ್ಣಗಾಗುತ್ತದೆ.

ಮರಗೆಣಸು, ಕಣಿಲೆ (ಬಿದಿರಿನ ಎಳೆ ಮೊಳಕೆ) ಎರಡರಲ್ಲೂ ಸಯನೈಡ್ ಎಂದು ಓದಿ ಭಯವಾಯಿತು. ನಾವು ಮಾಡುವ ಅಡುಗೆ ಸುರಕ್ಷಿತವೇ?
– ಗೃಹಿಣಿ, ಕಟಪಾಡಿ

ಸರಿಯಾಗಿ ಮಾಡಿದರೆ ಸುರಕ್ಷಿತ. ಎರಡಕ್ಕೂ ವಿಧಾನ ಮಾತ್ರ ಒಂದೇ ಅಲ್ಲ.

ಮರಗೆಣಸಿನ ಲಿನಮಾರಿನ್ ಶಾಖಕ್ಕೆ ಜಗ್ಗುವುದಿಲ್ಲ, ಅದನ್ನು ಒಡೆಯುವ ಕಿಣ್ವ ಶಾಖಕ್ಕೆ ಸಾಯುತ್ತದೆ. ಹಾಗಾಗಿ ದೊಡ್ಡ ತುಂಡುಗಳನ್ನು ನೇರವಾಗಿ ಕುದಿಯುವ ನೀರಿಗೆ ಹಾಕುವುದು ಒಳ್ಳೆಯದಲ್ಲ. ಸಿಪ್ಪೆಯನ್ನು, ಅದರ ಕೆಳಗಿನ ದಪ್ಪ ಬಿಳಿ ಪದರವನ್ನೂ ಸೇರಿಸಿ, ಪೂರ್ತಿ ತೆಗೆಯಿರಿ. ತಿರುಳಿಗಿಂತ ಅಲ್ಲೇ ವಿಷ ಹೆಚ್ಚು. ಚಿಕ್ಕದಾಗಿ ಹೆಚ್ಚಿ, ಧಾರಾಳ ತಣ್ಣೀರಿನಲ್ಲಿ ಹಾಕಿ, ಪಾತ್ರೆ ತೆರೆದಿಟ್ಟು ನಿಧಾನ ಬಿಸಿ ಮಾಡಿ. ಬಿಸಿಯೇರುವ ಹೊತ್ತಿನಲ್ಲಿ ಕಿಣ್ವ ಕೆಲಸ ಮಾಡುತ್ತದೆ, ಸಯನೈಡ್ ಹಬೆಯೊಂದಿಗೆ ಹೋಗುತ್ತದೆ, ಉಳಿದ ಲಿನಮಾರಿನ್ ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಲೇಬೇಕು, ಸಾರಿಗೆ ಬಳಸಬಾರದು. ಕುಕ್ಕರಿನಲ್ಲಿ ಸ್ವಲ್ಪವೇ ನೀರಿಟ್ಟು ಬೇಯಿಸುವ ಅಭ್ಯಾಸವನ್ನು ಮರಗೆಣಸಿಗೆ ಬಿಡಿ. ಕಹಿ ಬಂದ ಗೆಡ್ಡೆಯನ್ನು ತಿನ್ನಬೇಡಿ. ಒಂದು ಕಿಲೋ ಹಸಿ ಗೆಡ್ಡೆಯಲ್ಲಿ 50 ಮಿಲಿಗ್ರಾಂಗಿಂತ ಕಡಿಮೆ ಸಯನೈಡ್ ಇರುವುದನ್ನು ಅಂತರರಾಷ್ಟ್ರೀಯ ಆಹಾರ ಮಾನದಂಡ ಸಿಹಿ ಮರಗೆಣಸು ಎನ್ನುತ್ತದೆ. ಹಿಟ್ಟಿಗೆ ಮಿತಿ ಕಿಲೋಗೆ 10 ಮಿಲಿಗ್ರಾಂ. ಮನೆಯಲ್ಲೇ ಮಾಡಿದ ಹಿಟ್ಟಿನ ಬಗ್ಗೆ ಅನುಮಾನವಿದ್ದರೆ ನೀರು ಕಲಸಿ, 1 ಸೆಂಟಿಮೀಟರ್‌ಗಿಂತ ದಪ್ಪವಾಗದಂತೆ ಹರಡಿ, ಬಿಸಿಲಲ್ಲಿ 2 ಗಂಟೆ ಅಥವಾ ನೆರಳಲ್ಲಿ 5 ಗಂಟೆ ಇಡಿ. ಉಳಿದಿದ್ದ ಸಯನೈಡ್ ಮೂರರಿಂದ ಆರು ಪಟ್ಟು ಇಳಿಯುತ್ತದೆ. ಅದೇ ದಿನ ಬೇಯಿಸಿ ಬಳಸಿ.

ಕಣಿಲೆಯಲ್ಲಿರುವುದು ಟ್ಯಾಕ್ಸಿಫಿಲಿನ್, ಟೈರೋಸೀನ್‌ನಿಂದ ಹುಟ್ಟುವ ಬೇರೆ ಅಣು. ಇದು ಲಿನಮಾರಿನ್‌ನಂತೆ ಗಟ್ಟಿಗನಲ್ಲ, ಕುದಿಯುವ ನೀರಿನಲ್ಲೇ ಮುರಿಯುತ್ತದೆ. ಆದರೆ ಎಳೆ ತುದಿಯಲ್ಲಿ ಅದರ ಪ್ರಮಾಣ ಬಹಳ ಜಾಸ್ತಿ. ಆಟಿ ತಿಂಗಳ ಕಣಿಲೆಯನ್ನು ಸಣ್ಣಗೆ ಹೆಚ್ಚಿ, ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸುವ ನಮ್ಮ ಹಿರಿಯರ ಪದ್ಧತಿ ರಸಾಯನಶಾಸ್ತ್ರದ ಲೆಕ್ಕದಲ್ಲೂ ಸರಿಯಾಗಿದೆ: ಹೆಚ್ಚಿದಾಗ ಕೋಶ ಒಡೆಯುತ್ತದೆ, ನೆನೆದಾಗ ಕಿಣ್ವಕ್ಕೆ ಸಮಯ ಸಿಗುತ್ತದೆ, ನೀರು ಚೆಲ್ಲಿದಾಗ ವಿಷ ಹೋಗುತ್ತದೆ. ಅವಸರಕ್ಕೆ ದಿನ ಕಡಿಮೆ ಮಾಡುವುದಾದರೆ ತೆರೆದ ಪಾತ್ರೆಯಲ್ಲಿ ಎರಡು ಸಲ ಕುದಿಸಿ, ಎರಡೂ ಸಲ ನೀರು ಬಸಿಯಿರಿ. ದಪ್ಪ ಬಿಲ್ಲೆಗಳಾಗಿ ಹೆಚ್ಚಿದರೆ ನೆನೆಸಿಯೂ ಪೂರ್ತಿ ಪ್ರಯೋಜನವಿಲ್ಲ.

ಮರಗೆಣಸಿನ ಸಿಪ್ಪೆ, ಜೋಳದ ಹಸಿರು ಮೇವು ದನಕ್ಕೆ ಹಾಕಬಹುದೇ?
– ಹೈನುಗಾರರು, ಹೆಬ್ರಿ

ಹಸಿ ಸಿಪ್ಪೆಯನ್ನೂ ಹಸಿ ಎಲೆಯನ್ನೂ ರಾಶಿಯಾಗಿ ಹಾಕಬೇಡಿ. ದನದ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಕಿಣ್ವದ ಕೆಲಸ ಮಾಡುತ್ತವೆ. ಹಾಗಾಗಿ ಗಿಡದ ಕಿಣ್ವ ಸತ್ತಿದ್ದರೂ ಅಪಾಯ ತಪ್ಪುವುದಿಲ್ಲ. ದೇಹದ ತೂಕದ ಕಿಲೋಗೆ ಸುಮಾರು 2 ಮಿಲಿಗ್ರಾಂ ಸಯನೈಡ್ ಒಮ್ಮೆಗೆ ಹೋದರೆ ಪ್ರಾಣಕ್ಕೆ ಕುತ್ತು. ಸಿಪ್ಪೆಯನ್ನು ತೆಳುವಾಗಿ ಕತ್ತರಿಸಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಬೇರೆ ಮೇವಿನೊಂದಿಗೆ ಸ್ವಲ್ಪವೇ ಬೆರೆಸಿ ಕೊಡಿ. ಜೋಳದಲ್ಲಿ ಧುರಿನ್ ಎಂಬ ಇದೇ ಬಗೆಯ ಅಣು ಇದೆ, ಎಳೆ ಪೈರಿನಲ್ಲೂ ನೀರಿಲ್ಲದೆ ಬಾಡಿ ಮತ್ತೆ ಚಿಗುರಿದ್ದರಲ್ಲೂ ಅತಿ ಹೆಚ್ಚು. ಬಿತ್ತಿ 50 ದಿನಕ್ಕೆ ಮುಂಚೆ ಕೊಯ್ಯಬೇಡಿ, ಮೊಣಕಾಲೆತ್ತರದ ಚಿಗುರಿಗೆ ದನ ಬಿಡಬೇಡಿ. ರಸಮೇವು (ಸೈಲೇಜ್) ಮಾಡಿ ಮೂರು ವಾರ ಕಳೆದು ಬಳಸಿದರೆ ವಿಷ ಇಳಿದಿರುತ್ತದೆ.

ಮೇವು ತಿಂದ ಸ್ವಲ್ಪ ಹೊತ್ತಿನಲ್ಲೇ ಏದುಸಿರು, ತೂರಾಟ, ಜೊಲ್ಲು, ಕಣ್ಣಿನ ಒಳಪೊರೆ ಕಡುಗೆಂಪು ಕಂಡರೆ ಮೇವು ಎಳೆದು ತೆಗೆದು ಕೂಡಲೇ ಪಶುವೈದ್ಯರನ್ನು ಕರೆಸಿ, ಸಯನೈಡ್ ಎಂಬ ಅನುಮಾನವನ್ನು ಫೋನಿನಲ್ಲೇ ತಿಳಿಸಿ. ರಕ್ತನಾಳಕ್ಕೆ ಕೊಡುವ ಸೋಡಿಯಂ ಥಯೋಸಲ್ಫೇಟ್ ಔಷಧವನ್ನು ಅವರು ಜೊತೆಗೆ ತರಬೇಕಾಗುತ್ತದೆ.

ಅಡಿಕೆ ತೋಟದ ನೆಲಹೊದಿಕೆಗೆ ಕ್ಲೋವರ್ ಬೀಜ ಅಂತರ್ಜಾಲದಲ್ಲಿ ಸಿಗುತ್ತಿದೆ. ತರಿಸಲೇ?
– ಕೃಷಿಕರು, ಬೆಳ್ತಂಗಡಿ

ಬೇಡ. ಮಳೆಗಾಲದಲ್ಲಿ ಮೊಳೆತರೂ ಬೇಸಗೆಗೆ ಉಳಿಯುವುದಿಲ್ಲ, ದುಡ್ಡು ದಂಡ. ನಮ್ಮ ಹವೆಗೆ ಪ್ಯೂರೇರಿಯಾ ಫೇಸಿಯೊಲಾಯ್ಡಿಸ್ ಸರಿ. ಹೆಕ್ಟೇರಿಗೆ 3ರಿಂದ 4.5 ಕಿಲೋ ಬೀಜ ಬೇಕು. ಸಿಪ್ಪೆ ಗಟ್ಟಿಯಾದ್ದರಿಂದ 60ರಿಂದ 80 ಡಿಗ್ರಿಯ ಬಿಸಿನೀರಿಗೆ ಹಾಕಿ 4ರಿಂದ 6 ಗಂಟೆ ನೆನೆಸಿ ಬಿತ್ತಿ, ಇಲ್ಲದಿದ್ದರೆ ಬಹಳಷ್ಟು ಬೀಜ ಮೊಳೆಯುವುದೇ ಇಲ್ಲ. ಬಳ್ಳಿ ಅಡಿಕೆ ಸಸಿಗೆ ಸುತ್ತಿಕೊಳ್ಳದಂತೆ ಬುಡದ ಸುತ್ತ ಒಂದು ಮೀಟರ್ ಜಾಗ ಬಿಡಿಸಿಡಿ. ಯಾವುದು ನಿಮ್ಮ ಮಣ್ಣಿಗೆ ಒಗ್ಗುತ್ತದೆ ಎಂದು ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ವಿಚಾರಿಸಿ.